ಸೆಮಿಫೈನಲ್‌ನಲ್ಲಿ ಮುರಳಿ ಆಡಲಿಲ್ಲ

ಗೌತಮಪುರ, ಹಲಸೂರು
11 ಮಾರ್ಚ್ 1998

ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ನಮಸ್ಕಾರ.

ಕೋಚ್ ಮುನಿಶಾಮಿಯವರನ್ನು ತೆಗೆಯಿರೆಂದು ನಿಮಗೆ ಕೊಟ್ಟ ಅರ್ಜಿಯಲ್ಲಿ ಮೊದಲ ಸಹಿ ನನ್ನದು. ಸೆಮಿಫೈನಲ್‌ನಲ್ಲಿ ಅವರು ನನ್ನ ತಮ್ಮ ಮುರಳಿಯನ್ನು ಆಡಿಸದೆ ಕೂರಿಸಿದರು, ನಾವು ಸೋತೆವು. ನಮ್ಮ ಬೀದಿಯಲ್ಲಿ ಕೆಲವರು, "ಕೋಚ್ ಅಂದ್ಮೇಲೆ ಸ್ಟ್ರಿಕ್ಟಾಗೇ ಇರ್ಬೇಕು" ಎಂದರು. "ಸ್ಟ್ರಿಕ್ಟಲ್ಲ, ಕೊಬ್ಬು" ಎಂದು ಕೂಗಿದವಳು ನಾನು. ನೀವು ಅವರನ್ನು ವಜಾ ಮಾಡಿದಿರಿ.

ಮೊನ್ನೆ ಮುರಳಿ ಮನೆಯಲ್ಲೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೇಳಿದ: "ಮ್ಯಾಚಿಗೆ ಮುಂಚೆನೂ ಹಿಂಗೇ ಎದೆ ಹಿಡ್ಕೊಂಡಿತ್ತು ಅಕ್ಕ. ಫ್ಯಾಕ್ಟ್ರಿ ಟೀಮಲ್ಲಿ ಕೆಲ್ಸ ಸಿಗೋ ಟೈಮು, ಯಾರ್ಗೂ ಹೇಳ್ಬೇಡಿ ಸಾರ್ ಅಂತ ಕೋಚ್ ಕಾಲು ಹಿಡ್ಕೊಂಡೆ."

ಅವರು ಯಾರಿಗೂ ಹೇಳಲಿಲ್ಲ. ನಿಮ್ಮ ಕಮಿಟಿ ಕಾರಣ ಕೇಳಿದಾಗಲೂ ಹೇಳಲಿಲ್ಲ.

ಇಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ನನ್ನನ್ನು ಬಾಗಿಲಲ್ಲೇ ತಡೆದು, "ಹುಡುಗ ಹೆಂಗವ್ನೆ?" ಎಂದರು. ಸುಧಾರಿಸಿದ್ದಾನೆ ಎಂದೆ. "ಅಷ್ಟು ಸಾಕಮ್ಮ. ಲೆಟ್ರು ಗಿಟ್ರು ಬರೀಬೇಡ, ಅವನ ಕೆಲ್ಸ ಹೋಯ್ತದೆ."

ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಹೊಸ ಕೋಚ್ ಆರಿಸಲು ಭಾನುವಾರ ಸಭೆ ಕರೆದಿದ್ದೀರಿ. ದಯವಿಟ್ಟು ಆ ಆಯ್ಕೆಯನ್ನು ನಿಲ್ಲಿಸಿ, ಈ ಪತ್ರವನ್ನು ಎಲ್ಲರೆದುರು ಓದಿ. ಮುರಳಿ ಒಪ್ಪಿದ್ದಾನೆ. ಕೆಲಸ ಹೋದರೂ ಮುಂದಿನ ಸೀಸನ್ನಿನಲ್ಲಿ ಮುನಿಶಾಮಿ ಸಾರ್ ಕೈಕೆಳಗೇ ಆಡುತ್ತೇನೆ ಎನ್ನುತ್ತಾನೆ. ಸಭೆಗೂ ಬರುತ್ತಾನೆ.

ಆದ್ದರಿಂದ ಇದೊಂದನ್ನು ಮಾತ್ರ ಓದಬೇಡಿ: ಅವನು ಇನ್ನೆಂದೂ ಆಡುವಂತಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅವನಿಗೆ ನಾನಿನ್ನೂ ತಿಳಿಸಿಲ್ಲ.

ಇಂತು ತಮ್ಮ ವಿಶ್ವಾಸಿ,
ನಂದಿತಾ