ಗುಲಾಬಿ ಬಣ್ಣದ ಜೋಳ

ಆಳಂದ, ಅಕ್ಟೋಬರ್ 14, ಮಂಗಳವಾರ

ಹಕ್ಕಿಗೆ ಸಾವಿಲ್ಲ, ಹಾರಿಹೋಗುತ್ತದೆ ಅಷ್ಟೇ ಎಂದೇನೋ ಒಂದು ಸಾಲು. ಎಂದೋ ಓದಿದ್ದು, ಪೂರ್ತಿ ನೆನಪಾಗುತ್ತಿಲ್ಲ. ಬರೆದವರು ಸತ್ತ ಹಕ್ಕಿಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದರೇ?

ಇಂದು ಬೇವಿನ ಮರದ ಕೆಳಗೆ ಮತ್ತೆರಡು ಬೆಳವಗಳು ಸತ್ತು ಬಿದ್ದಿದ್ದವು. ಬೆಕ್ಕನ್ನು ಬೈದೆ, ಆದರೆ ಹಕ್ಕಿಗಳ ಮೈಮೇಲೆ ಗಾಯವಿರಲಿಲ್ಲ. ಕಿಟಕಿಯ ಗಾಜಿಗೆ ಬಡಿದಿರಬಹುದೆಂದರೆ ಕತ್ತು ನೆಟ್ಟಗಿತ್ತು. ನಾನೇ ಇಟ್ಟ ನೀರಿನ ಬೋಗುಣಿಯ ಮೇಲೂ ಅನುಮಾನ ಬಂದು ತಿಕ್ಕಿ ತೊಳೆದೆ. ಆಮೇಲೆ ಒಂದರ ಕೊಕ್ಕಿನಲ್ಲಿ ಗುಲಾಬಿ ಬಣ್ಣದ ಜೋಳದ ಕಾಳು ಕಂಡಿತು. ಬಿತ್ತನೆಗೆಂದು ಔಷಧ ಹಚ್ಚಿದ ಬೀಜ. ಪಕ್ಕದ ಮನೆಯ ಸುಭದ್ರಾಬಾಯಿಯ ಮಾಳಿಗೆಯ ತುಂಬ ಅದೇ ಹರಡಿತ್ತು.

ಕೇಳಲು ಹೋದೆ. ಬಿತ್ತಿ ಉಳಿದ ಬೀಜ ಮನೆಯೊಳಗೆ ಮರಳಬಾರದಂತೆ, ಹಕ್ಕಿಗೆ ಹಾಕಬೇಕಂತೆ. ಅವಳ ಭಕ್ತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಅದು ವಿಷ, ಹಕ್ಕಿಗಳು ಸಾಯುತ್ತಿವೆ ಎಂದೆ. ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಹೇಳಿದಳು:

“ಎರಡು ನೀರಾಗ ತೊಳದೇನ್ರಿ ಅಕ್ಕಾರ. ನಾಕ್ ಅಕ್ಷರ ಕಲ್ತೋರಿಗೆ ಎಲ್ಲಾ ವಿಷಾನೇ ಕಾಣ್ತದ. ಇನ್ನೊಂದು ಸೇರು ಉಳದದ, ನಾಳಿ ನಿಮ್ಮ ಗ್ವಾಡಿ ಮ್ಯಾಗ ಹಾಕ್ತೇನಿ. ಪುಣ್ಯ ನಿಮಗೂ ಹತ್ತಲಿ.”