ಕುಂದಾಳ ಹೆಸರಿನಲ್ಲಿ ಓದಿದವಳು

ಭೋಸವಾಡಿ, ಸಾತಾರಾ ಜಿಲ್ಲೆ
೧೭ ಜನವರಿ ೧೯೯೮, ಶನಿವಾರ

ಪ್ರೀತಿಯ ಬಾಳೂದಾದಾ,

ತಮ್ಮ ಪೋಪಟನ ನಮಸ್ಕಾರ. ಕಾಲ್ಬೆರಳು ಈಗ ಹೇಗಿವೆ? ಹಿಮಕ್ಕೆ ಮರಗಟ್ಟಿವೆ ಎಂದು ಹೋದ ಪತ್ರದಲ್ಲಿ ನೀನು ಒಂದೇ ಸಾಲು ಬರೆದು ಸುಮ್ಮನಾಗಿಬಿಟ್ಟೆ. ಹೆತ್ತವಳಲ್ಲವೇ, ಆ ಸಾಲು ಕೇಳಿದಾಗಿನಿಂದ ಆಯೀ ಸರಿಯಾಗಿ ಊಟ ಮಾಡುತ್ತಿಲ್ಲ. ವಹಿನಿ ಉಣ್ಣೆಯ ಕಾಲುಚೀಲ ಹೆಣೆದು ಸಂಕ್ರಾಂತಿಯ ಎಳ್ಳುಂಡೆ ಜೊತೆ ಕಳಿಸಿದ್ದಾರೆ. ಉಂಡೆ ಪುಡಿಯಾಗಿದ್ದರೆ ಪೋಸ್ಟಿನವರನ್ನು ಬೈ, ನಿನ್ನ ಹೆಂಡತಿಯನ್ನಲ್ಲ. ಆಬಾನ ಮಂಡಿನೋವು ಹಾಗೇ ಇದೆ. ಆದರೂ ನಸುಕಿನಲ್ಲಿ ಎದ್ದು, ಇನ್ನೂ ಪಲಟನ್ನಿನಲ್ಲೇ ಇರುವವರ ಹಾಗೆ ಅಂಗಳದಲ್ಲಿ ಹೆಜ್ಜೆ ಹಾಕುವುದನ್ನು ಬಿಟ್ಟಿಲ್ಲ.

ನನ್ನ ಕೆಲಸದ ವಿಷಯ ನೀನು ಕೇಳಿದ್ದೆ. ಡೈರಿ ಬಿಟ್ಟ, ಟೆಂಪೋ ಬಿಟ್ಟ, ಇದನ್ನು ಯಾವಾಗ ಬಿಡುತ್ತಾನೆ ನನ್ನ ಮಗ ಎಂದು ಆಬಾ ದಿನವೂ ಕೇಳುತ್ತಾರೆ. ಇದನ್ನು ಬಿಡುವುದಿಲ್ಲ ದಾದಾ. ಪುಣೆಯಿಂದ ಲೇಲೇಬಾಯಿ ಎಂಬವರು ಬಂದು ನಮ್ಮ ತಾಲೂಕಿನಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಿಜವಾಗಿ ಎಷ್ಟು ಓದಲು ಬರುತ್ತದೆ, ಅದನ್ನು ಸರಿಯಾಗಿ ಅಳೆಯುವುದು ಹೇಗೆ ಎಂಬುದು ಅವರ ವಿಷಯ. ಹತ್ತನೇ ಪಾಸಾದ, ಸೈಕಲ್ ಇದ್ದ ಹುಡುಗರು ಬೇಕಿತ್ತು, ನನ್ನ ಹತ್ತಿರ ಎರಡೂ ಇತ್ತು. ಪಾಠದ ಪುಸ್ತಕ ಕೊಟ್ಟರೆ ಮಕ್ಕಳು ಕಣ್ಣು ಮುಚ್ಚಿಕೊಂಡು ಒಪ್ಪಿಸಿಬಿಡುತ್ತವೆ. ಅದಕ್ಕೇ ಅವು ಎಂದೂ ನೋಡಿರದ ಒಂದು ಪುಟ್ಟ ಕಥೆ ಬರೆದ ಹಾಳೆ ಕೊಡುತ್ತೇವೆ. ಚೀಟಿ ಎತ್ತಿ ಹೆಸರು ಆರಿಸುತ್ತೇವೆ, ಒಂದೊಂದೇ ಮಗುವನ್ನು ಮರದ ಕೆಳಗೆ ಕೂರಿಸಿಕೊಂಡು ಓದಿಸುತ್ತೇವೆ. ತಪ್ಪು ಓದಿದರೆ ತಿದ್ದುವ ಹಾಗಿಲ್ಲ, ಸರಿ ಓದಿದರೆ ತಲೆಯಾಡಿಸುವ ಹಾಗೂ ಇಲ್ಲ. ನನ್ನ ಮುಖಕ್ಕೆ ಇದು ಎಂಥ ಶಿಕ್ಷೆ ಎಂದು ನಿನಗೆ ಗೊತ್ತು. ಒಂದು ಮಗು ಓದುವಾಗ ಇಬ್ಬರು ಕೇಳಿಸಿಕೊಂಡು, ಒಬ್ಬರದನ್ನು ಒಬ್ಬರು ನೋಡದೆ ಗುರುತು ಹಾಕಬೇಕು. ಇಬ್ಬರದೂ ಹೊಂದದಿದ್ದರೆ ತಪ್ಪು ನಮ್ಮದು, ಮಗುವಿನದಲ್ಲ. ‘ಜ್ವರ ನೋಡೋ ಕಡ್ಡಿ ಯಾರನ್ನೂ ಫೇಲ್ ಮಾಡಲ್ಲ ಪೋಪಟರಾವ್, ಔಷಧ ಯಾರಿಗೆ ಬೇಕು ಅಂತ ಹೇಳುತ್ತೆ, ಅಷ್ಟೆ’ ಎನ್ನುತ್ತಾರೆ ಲೇಲೇಬಾಯಿ. ಹೆಚ್ಚು ಮಕ್ಕಳು ಹಿಂದೆ ಬಿದ್ದಿರುವ ಶಾಲೆಗೆ, ಓದು ಕಲಿಸುವುದಕ್ಕೆಂದೇ ಒಬ್ಬ ಶಿಕ್ಷಕಿಯನ್ನು ವರ್ಷದ ಮಟ್ಟಿಗೆ ಅವರೇ ಕಳಿಸಿಕೊಡುತ್ತಾರೆ.

ಸ್ವಂತ ಊರಿನ ಮಕ್ಕಳನ್ನು ಅಳೆಯುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಕಳೆದ ಮಂಗಳವಾರ ನಾನು ಘಾಟಿನ ಆಚೆ ಇದ್ದೆ, ಭೋಸವಾಡಿಗೆ ಬೇರೆಯವರು ಬಂದರು. ನಮ್ಮೂರಿನದು ನಿನಗೆ ಹೇಳಬೇಕೆ? ಮನೆಗೊಬ್ಬ ಸಿಪಾಯಿ. ಇಲ್ಲಿ ಅಳತೆ ಎಂದರೆ ಸೇನೆಯ ಭರ್ತಿ, ಭರ್ತಿ ಎಂದರೆ ಹೇಗಾದರೂ ಪಾಸಾಗಬೇಕು. ತೂಕ ಕಮ್ಮಿ ಬಿದ್ದೀತೆಂದು ಬೆಳಿಗ್ಗೆಯೇ ಬಾಳೆಹಣ್ಣು ತಿಂದು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಸಾಲಿನಲ್ಲಿ ನಿಲ್ಲುವ ಜನ. ಶಾಲೆಯ ಶಿರತೋಡೆ ಗುರೂಜಿಗೂ ಅದೇ ಬುದ್ಧಿ. ಚೀಟಿಯಲ್ಲಿ ಬಂದ ಹೆಸರುಗಳಲ್ಲಿ ಓದಲು ಬಾರದ ಮಕ್ಕಳನ್ನು ಮನೆಗೆ ಅಟ್ಟಿ, ಅವರ ಹೆಸರಿನಲ್ಲಿ ಚುರುಕಾದವರನ್ನು ಕೂರಿಸಿದರು. ನಿನ್ನ ಕುಂದಾಳ ಹೆಸರಿನಲ್ಲಿ ಓದಿದ್ದು ಸುತಾರರ ಛಾಯಾ.

ಸಂಜೆ ನಾನು ಬಂದಾಗ ಆಯೀ ಕೈಗೆ ಬೆಲ್ಲ ಇಟ್ಟಳು. ‘ನಮ್ಮೂರೇ ಒಂದನೇ ನಂಬರು ಕಣೋ! ಒಬ್ಬರೂ ಫೇಲಿಲ್ಲ!’ ಕುಂದಾ ಹೊಸ್ತಿಲ ಮೇಲೆ ಕೂತು ಹುಣಸೆಬೀಜ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ, ‘ಕಾಕಾ, ನಾನು ಭಾಳ ಚೆನ್ನಾಗಿ ಓದಿದೆನಂತೆ’ ಎಂದಳು. ನಾನು ಬೆಲ್ಲವನ್ನು ತಿರುಗಿ ಡಬ್ಬಿಗೆ ಹಾಕಿದೆ.

ಇದನ್ನು ನಿನಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಿನ್ನ ಮಗಳಿಗೆ ಓದಲು ಬರುವುದಿಲ್ಲ. ನೀನು ರಜೆಗೆ ಬಂದಾಗ ಪುಸ್ತಕ ಹಿಡಿದು ಹೇಳಿದ ಪದ್ಯವೆಲ್ಲ ಬಾಯಿಪಾಠ. ಹೊಸದೊಂದು ಸಾಲು ಕೊಟ್ಟರೆ ಅಕ್ಷರ ಅಕ್ಷರ ಕೂಡಿಸುತ್ತಾ ಅರ್ಧಕ್ಕೇ ನಿಂತುಬಿಡುತ್ತಾಳೆ, ಆಮೇಲೆ ನಮ್ಮ ಮುಖ ನೋಡಿ ಊಹಿಸುತ್ತಾಳೆ. ಹಾಗಂತ ದಡ್ಡಿಯಲ್ಲ, ಯಾರ ಮನೆಗೆ ಎಷ್ಟು ಹಾಲು ಹೋಯಿತೆಂದು ಬಾಯಲ್ಲೇ ಹೇಳುತ್ತಾಳೆ. ಪಕ್ಕದಲ್ಲಿ ಕೂತು ಕಲಿಸುವವರು ಸಿಕ್ಕಿಲ್ಲ, ಅಷ್ಟೆ. ನಾನು ಕೂರಿಸಿಕೊಂಡು ನೋಡಿದೆ. ನನಗೆ ತಾಳ್ಮೆ ಸಾಲದು, ನಾನು ಗದರುತ್ತೇನೆ, ಅವಳು ಮುದುಡುತ್ತಾಳೆ. ಕಲಿಸಬಲ್ಲ ಶಿಕ್ಷಕಿ ನಮ್ಮೂರಿಗೆ ಬರುವುದಿಲ್ಲ, ಯಾಕೆಂದರೆ ನಾವು ಒಂದನೇ ನಂಬರು.

ಮರುದಿನವೇ ಸಾತಾರಾಕ್ಕೆ ಹೋಗಿ ಲೇಲೇಬಾಯಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡು ನಮ್ಮ ಶಾಲೆಯ ಹಾಳೆಗಳನ್ನು ತೆಗೆದು ಬದಿಗಿಟ್ಟರು. ಗುರೂಜಿಯ ಹೆಸರನ್ನು ಎಲ್ಲೂ ಎತ್ತುವುದಿಲ್ಲವಂತೆ. ನಮ್ಮ ಶಾಲೆಯ ಲೆಕ್ಕ ಹೊಡೆದುಹಾಕಿ, ಬೇರೆ ಕಥೆ ತಂದು, ಅದೇ ಮಕ್ಕಳನ್ನು ತಾವೇ ಓದಿಸುತ್ತಾರಂತೆ. ಆದರೆ ಮನೆಯವರು ಒಪ್ಪಿದರೆ ಮಾತ್ರ. ‘ಒತ್ತಾಯದಿಂದ ಕೂತ ಮಗೂನ ನಾನು ಓದಿಸಲ್ಲ. ಅಲ್ಲಿ ಅಳತೆಗೆ ಸಿಗೋದು ಓದಲ್ಲ, ಹೆದರಿಕೆ’ ಎಂದರು.

ಊರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಗುರೂಜಿ ಚಾವಡಿಯ ಮುಂದೆಯೇ ಹಿಡಿದು ನಿಲ್ಲಿಸಿದರು: ‘ಏನಲೇ ಪೋಪಟ್ಯಾ, ಭರ್ತಿಯ ಎದೆ ಅಳತೇಲಿ ನೀನು ಬಿದ್ದೆ ಅಂತ ಈಗ ಊರನ್ನೇ ಬೀಳಿಸ್ತೀಯಾ?’ ನಾಲ್ಕು ಜನ ನಕ್ಕರು. ಮನೆಯಲ್ಲಿ ಆಬಾ ನಗಲಿಲ್ಲ. ‘ಮಾನೆ ಮನೆತನದಲ್ಲಿ ಇವತ್ತಿನವರೆಗೆ ಯಾರೂ ಅನ್‌ಫಿಟ್ ಆಗಿಲ್ಲ’ ಎಂದರು. ನನ್ನ ಕಡೆ ನೋಡಿ, ‘ಒಬ್ಬನ್ನ ಬಿಟ್ಟು’ ಎಂದು ಸೇರಿಸಿದರು. ‘ಹುಡುಗಿಗೆ ಏನೂ ಬರಲ್ಲ ಅಂತ ಪುಣೆಯೋರ ಕೈಲಿ ಬರೆಸ್ಕೋಬೇಕಾ? ನಾಳೆ ಯಾವನು ಕಟ್ಟಿಕೊಳ್ತಾನೆ?’ ವಹಿನಿ ಒಲೆಯ ಕಡೆ ಮುಖ ಮಾಡಿಕೊಂಡೇ, ‘ಅವರಿಗೆ ಬರೀಬೇಡಿ ಭಾವೋಜಿ. ಬಂದೂಕು ಹಿಡ್ಕೊಂಡು ನಿಂತಿರೋರ ತಲೆಗೆ ಇದೊಂದು ಬೇಡ’ ಎಂದರು. ಆಮೇಲೆ ರೊಟ್ಟಿ ಬಡಿಸುವಾಗ ಯಾರಿಗೂ ಕೇಳಿಸದ ಹಾಗೆ, ‘ಆ ಶಿಕ್ಷಕಿ ಮಕ್ಕಳನ್ನ ಹೊಡೆಯೋರಲ್ಲ ತಾನೆ?’ ಎಂದು ಕೇಳಿದರು. ಅದಕ್ಕೇ ಬರೆಯುವ ಧೈರ್ಯ ಮಾಡಿದೆ.

ಸಿಟ್ಟಾಗಬೇಡ ದಾದಾ. ಸೇನೆಯ ಅಳತೆ ಗಟ್ಟಿಯವರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತದೆ. ಅದು ಸರಿಯೇ, ನೀವು ಗುಡ್ಡ ಕಾಯಬೇಕಲ್ಲ. ಈ ಅಳತೆಯೋ, ಬಿದ್ದವರ ಮನೆ ಹುಡುಕಿಕೊಂಡು ಬರುತ್ತದೆ. ಆಬಾನ ಮುಂದೆ ಇದನ್ನು ಹೇಳಲು ನನ್ನ ಮಾತಿಗೆ ಬೆಲೆಯಿಲ್ಲ, ನೀನೇ ಅವರಿಗೊಂದು ಕಾಗದ ಬರೆ.

ಬೆಚ್ಚಗಿರು. ಕಾಲುಚೀಲ ಒದ್ದೆಯಾದರೆ ಕೂಡಲೇ ಬದಲಿಸು. ಆಯೀ, ಆಬಾ ಆಶೀರ್ವಾದ ಹೇಳಿದ್ದಾರೆ.

ನಿನ್ನ ತಮ್ಮ,
ಪೋಪಟ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಲೇಲೇಬಾಯಿ ಬರುವುದು ಫೆಬ್ರುವರಿ ಒಂಬತ್ತು, ಸೋಮವಾರ. ಕಾಗದ ತಡವಾಗುವಂತಿದ್ದರೆ ಆಬಾನ ಹೆಸರಿಗೆ ತಂತಿ ಕೊಡು: ‘ಕುಂದಾ ತಾನೇ ಓದಲಿ.’ ಅಷ್ಟು ಸಾಕು, ಪಲಟನ್ನಿನಿಂದ ಬಂದ ಮಾತನ್ನು ಆಬಾ ಮೀರುವುದಿಲ್ಲ. ತಂತಿ ಬಂತೆಂದರೆ ಆಯೀ ಎದೆ ಒಡೆದುಕೊಳ್ಳುತ್ತಾಳೆ, ಅವಳಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಇವತ್ತು ಕುಂದಾಳನ್ನು ಕೇಳಿದೆ, ಆ ಸೋಮವಾರ ನೀನೇ ಹೋಗಿ ಕೂರುತ್ತೀಯಾ ಎಂದು. ‘ಓದೋಕೆ ಬರದೇ ಇದ್ರೂ ಕೂರಿಸ್ತಾರಾ ಕಾಕಾ?’ ಎಂದಳು. ಕೂರಿಸ್ತಾರೆ ಎಂದು ಹೇಳಿಬಿಟ್ಟಿದ್ದೇನೆ ದಾದಾ.