ಇಂಗಾಳ ಮೂಲೆಮನೆಯ ಪಾಲು

ಆರ್ವಿಡ್,

ಓವನ್ನಿನಲ್ಲಿ ಊಟಕ್ಕೆ ಹಾಟ್‌ಡಿಶ್ ಇದೆ, ತಿಂದುಬಿಡು. ರಸ್ತೆ ಖರ್ಚಿನ ಪಾಲು ಕಟ್ಟಲಾಗದೆ ಮೂಲೆಮನೆಯ ಇಂಗಾ ಮನೆ ಮಾರಲು ದಲ್ಲಾಳಿಯನ್ನು ಕರೆಸಿದ್ದಾಳೆ. ನಾನು ಅಲ್ಲಿಗೆ ಹೊರಟೆ.

ನಮ್ಮ ಜಲ್ಲಿರಸ್ತೆಗೆ ಡಾಂಬರು ಬೇಕೆಂದು ನೀನು ಮನೆಮನೆಗೆ ಹೋಗಿ ಸಹಿ ಕೇಳಿದಾಗ ಅವಳೂ ಹಾಕಿದಳು. ಪುರಸಭೆ ಖರ್ಚನ್ನು ಬೀದಿಯ ಮನೆಗಳಿಗೇ ಹಂಚುತ್ತದೆ, ಮೂಲೆಮನೆಯವರು ಎರಡೂ ಬೀದಿಯ ಪಾಲು ಹೊರಬೇಕೆಂಬುದು ನಮಗೆ ಆಗಲೇ ಹೊಳೆಯಬಾರದಿತ್ತೇ.

ಆ ಪಾಲು ಇಳಿಸಲು ತಕರಾರನ್ನು ಇವತ್ತು ಸಂಜೆ ಪುರಸಭೆಯಲ್ಲಿ ಬರೆದುಕೊಡಬೇಕು, ಬಾಯಿಮಾತು ನಡೆಯದು. ಅವಳು ಒಲ್ಲೆ ಎನ್ನುತ್ತಾಳೆ. "ಆರ್ವಿಡ್ ಅಷ್ಟೊಂದು ಓಡಾಡಿದಾನೆ, ಬೇಜಾರು ಮಾಡ್ಕೋತಾನೆ ಕಣೆ." ಈ ಊರಿನಲ್ಲಿ ಮನೆ ಹೋದರೂ ಸರಿ, ನೆರೆಯವರ ಮನಸ್ಸು ನೋಯಬಾರದು.

ತಕರಾರು ಅರ್ಜಿಯನ್ನು ನೀನೇ ಬರೆದು ಸಹಿ ಹಾಕಿಸಲು ಅವಳ ಮನೆಗೆ ತಾ. ನಾನು ಹೇಳಿ ಸೋತೆ; ನಿನಗೆ ಬೇಜಾರಿಲ್ಲವೆಂಬುದನ್ನು ಅವಳು ನಿನ್ನ ಬಾಯಿಂದಲೇ ಕೇಳಬೇಕು.

ಮಾರ್ಲಿಸ್